ತಂಗೆವ್ವನ ಮಿಸ್ಡ್ ಕಾಲ್

ನಾಲ್ಕು ಸಿಮ್ ಇದ್ದವನಿಗೆ ನಾಲ್ಕು ಮತ. ವರ್ಷದ ಪ್ರಭಾವಿ ವ್ಯಕ್ತಿಯನ್ನು ನಾವು ಆರಿಸುವುದು ಹೀಗೆ, ಇದು ನಿಮಗೂ ಗೊತ್ತು. ಗೊತ್ತಿದ್ದೂ ಗೆದ್ದವರ ಫ್ಲೆಕ್ಸ್ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತೀರಿ.

ಕಳೆದ ವರ್ಷ ಗಡಿಯಾಚೆ ಮಹಾರಾಷ್ಟ್ರದ ಮಗ್ಗದೂರು ಇಚಲಕರಂಜಿಯ ಒಂದು ಕೇಬಲ್ ಚಾನೆಲ್ ನಡೆಸಿದ ಇಂಥ ಆಯ್ಕೆಯಲ್ಲಿ ತಂಗೆವ್ವನ ಹೆಸರೂ ಇತ್ತು. ರಾಯಬಾಗದ ಕಡೆಯಿಂದ ಮದುವೆಯಾಗಿ ಬಂದವಳು. ಗಂಡ ಮಗ್ಗದ ಶೆಡ್ಡಿನ ಹತ್ತಿಧೂಳು ಕುಡಿದು ಕೆಮ್ಮಿ ಕೆಮ್ಮಿ ಹೋದ. ಮಕ್ಕಳಿರಲಿಲ್ಲ. ಪಡಸಾಲೆಯಲ್ಲೇ ಮಷಿನ್ ಇಟ್ಟುಕೊಂಡು, ಮಗ್ಗದ ಲಾಳಿಯೊಳಗಿಡುವ ಕಾಂಡಿಗಳಿಗೆ ನೂಲು ಸುತ್ತಿಕೊಟ್ಟು ಹೊಟ್ಟೆ ಹೊರೆದಳು.

ಅವಳ ಮನೆ ಗಲ್ಲಿಯ ಮೊದಲನೆಯದು. ನಳದಲ್ಲಿ ಮೊದಲು ಗಾಳಿ ಬುಸುಗುಡುವುದು ಅವಳ ಅಂಗಳದಲ್ಲಿ. ಆ ಗಲ್ಲಿಗೆ ನೀರಿನ ದಿನ ಗೊತ್ತು, ಹೊತ್ತು ಗೊತ್ತಿಲ್ಲ. ಗಂಡಸರು, ಹೆಂಗಸರು ಎಲ್ಲರೂ ಹಗಲಿಡೀ ಮಗ್ಗದ ಶೆಡ್ಡುಗಳಲ್ಲಿ. ಮಗ್ಗದ ಸದ್ದಿನಲ್ಲಿ ಫೋನ್ ಕಿವಿಗೊತ್ತಿಕೊಂಡರೂ ಏನೂ ಕೇಳದು. ಅದಕ್ಕೇ ತಂಗೆವ್ವ ಒಬ್ಬೊಬ್ಬರಿಗೂ ಮಿಸ್ಡ್ ಕಾಲ್ ಕೊಡುತ್ತಿದ್ದಳು. ಜೇಬಿನಲ್ಲಿ ಫೋನ್ ನಡುಗಿದರೆ ಸಾಕು, ಮನೆಗೊಬ್ಬರು ಓಡಿ ಬಂದು ಕೊಡ ಹಿಡಿಯುತ್ತಿದ್ದರು. ಎಷ್ಟೋ ವರ್ಷ ಆ ಗಲ್ಲಿ ನೀರು ಕುಡಿದದ್ದು ಹಾಗೆ.

ಚಾನೆಲ್ಲಿನ ಪಟ್ಟಿಗೆ ಅವಳ ಹೆಸರು ಸೇರಿಸಿದವನು ಮೊಬೈಲ್ ಅಂಗಡಿಯ ಯುವರಾಜ. ಅಂದಿನಿಂದ ಗಲ್ಲಿಗೆ ಹಬ್ಬ.

“ಏನವಾ, ಮುಂದಿನ ಇಲೆಕ್ಷನ್‌ದಾಗ ಆಮದಾರ ಆಗಾಕಿ ಏನ?” ಶಾಸಕಿಯಾಗುತ್ತೀಯಾ ಎಂದು ಎದುರುಮನೆಯ ಭರಮಪ್ಪ ಕೆಣಕಿದ.

“ನಿಮ್ಮ ಆಮದಾರಗ ನಳಾ ಬರೂ ಹೊತ್ತ ಗೊತ್ತೈತೇನ್ಲೇ?” ಎಂದಳು ತಂಗೆವ್ವ. “ಸುಮ್ಮ ಕೊಡಾ ತಗೊಂಡ ನಡಿ.”

ಮತ ಹಾಕುವುದೂ ಮಿಸ್ಡ್ ಕಾಲಿನಿಂದಲೇ. ಒಬ್ಬೊಬ್ಬ ಸ್ಪರ್ಧಿಗೂ ಚಾನೆಲ್ಲಿನ ಒಂದೊಂದು ನಂಬರು; ಅದಕ್ಕೆ ಒಂದು ರಿಂಗ್ ಕೊಟ್ಟರಾಯಿತು. ಎದುರು ನಿಂತವರು ಸಣ್ಣವರಲ್ಲ; ಅವರ ಹುಡುಗರು ಚೌಕದಲ್ಲಿ ಸಿಮ್ ಹಂಚುತ್ತಿದ್ದರು. ಗಲ್ಲಿಗೆ ರೋಷ ಬಂತು. ಕೊನೆಯ ದಿನ ಬೆಳಗ್ಗೆ ಯುವರಾಜ ತಂಗೆವ್ವನ ಫೋನ್ ತೆಗೆದುಕೊಂಡು ಎಲ್ಲರಿಗೂ ರಿಂಗ್ ಕೊಡತೊಡಗಿದ.

“ನೀರಿಲ್ಲದ ದಿನಾ ಯಾಕೋ ಮಂದೀನ ಕಾಡ್ತಿ?” ತಂಗೆವ್ವ ಗದರಿದಳು.

“ವೋಟ್ ನೆನಪ ಮಾಡಾಕತ್ತೇನಿ, ಆಯಿ. ಇವತ್ತೊಂದ ದಿನಾ ಸುಮ್ಕಿರ.” ಎಲ್ಲರಿಗೂ ಕೊಟ್ಟು ಮುಗಿಸಿ, ಫೋನನ್ನು ಅವಳ ಕೈಗಿಟ್ಟು ಅಂಗಡಿಗೆ ಹೋದ.

ಮಧ್ಯಾಹ್ನ ಭರಮಪ್ಪನ ಜೇಬು ಮತ್ತೆ ನಡುಗಿತು. ತೆಗೆದು ನೋಡಿದರೆ ತಂಗೆವ್ವ. ನೀರಿನ ಪಾಳಿ ಹಿಂದಿನ ದಿನವೇ ಮುಗಿದಿತ್ತು, ಹಾಗಾಗಿ ಇದು ನೀರಲ್ಲ. “ಹಾಕೇನವಾ, ಇನ್ನೆಷ್ಟ ಹಾಕ್ಲಿ!” ಎಂದು ತನ್ನಷ್ಟಕ್ಕೇ ನಕ್ಕ. ಅದೇ ಶೆಡ್ಡಿನಲ್ಲಿದ್ದ ಹೆಂಡತಿಯ ಫೋನಿನಿಂದಲೂ ಚಾನೆಲ್ಲಿಗೆ ಒಂದು ರಿಂಗ್ ಕೊಟ್ಟ. ಬೇರೆ ಶೆಡ್ಡುಗಳಲ್ಲಿ ಬೇರೆಯವರ ಜೇಬುಗಳೂ ನಡುಗಿದವು. ಎಲ್ಲರೂ ನಕ್ಕರು, ಎಲ್ಲರೂ ಮತ ಹಾಕಿದರು. ಒಬ್ಬರೂ ಓಡಲಿಲ್ಲ.

ಸಂಜೆ ಕೆಲಸದ ಪಾಳಿ ಮುಗಿಸಿ ಗಲ್ಲಿಯವರು ಬಂದಾಗ ತಂಗೆವ್ವ ಕಾಂಡಿ ಮಷಿನ್ನಿಗೆ ಒರಗಿ ಕೂತಿದ್ದಳು. ಮಷಿನ್ ಖಾಲಿ ತಿರುಗುತ್ತಿತ್ತು. ಒಂದು ಕೈ ಎದೆಯ ಮೇಲೆ, ಇನ್ನೊಂದರಲ್ಲಿ ಫೋನ್. ಆಸ್ಪತ್ರೆಯಲ್ಲಿ ಡಾಕ್ಟರು, “ನೋವು ಶುರುವಾದಾಗಲೇ ತಂದಿದ್ದರೆ” ಎಂದು ಅಷ್ಟಕ್ಕೇ ನಿಲ್ಲಿಸಿದರು.

ಗೆದ್ದವಳು ಅವಳೇ.

ಚಾನೆಲ್ಲಿನವರು ಶಾಲು, ಹಾರ, ಕ್ಯಾಮೆರಾ ಹಿಡಿದು ಬಂದರು. ಬೀಗ ಹಾಕಿದ ಬಾಗಿಲಿಗೆ ಹಾರ ಹಾಕಿದರು. ನಿರೂಪಕ ಭರಮಪ್ಪನ ಬಾಯಿಗೆ ಮೈಕ್ ಹಿಡಿದ.

“ಹೇಳ್ರಿ ಕಾಕಾ, ಆಕೀ ಪ್ರಭಾವ ಅಂದ್ರ ಏನ್ರಿ?”

“ಆಕಿ ರಿಂಗ್ ಕೊಟ್ರ ನಾವು ಓಡಿ ಬರ್ತಿದ್ವಿ ರೀ…” ಅಷ್ಟು ಹೇಳಿದ ಭರಮಪ್ಪ ಮೈಕನ್ನು ಪಕ್ಕಕ್ಕೆ ನೂಕಿ ಮನೆಯೊಳಗೆ ಹೋದ. ಯುವರಾಜ ಆಗಲೇ ಅಂಗಡಿಯ ಬಾಗಿಲು ಎಳೆದುಕೊಂಡು ಹೋಗಿದ್ದ. ಟಿವಿಯಲ್ಲಿ ಆ ಮಾತು ಬರಲಿಲ್ಲ, ಹಾರ ಬಂತು.

ಮುಂದಿನ ನೀರಿನ ಪಾಳಿಯ ದಿನ ನಳಕ್ಕೆ ನೀರು ಬಂದು ಹೋಯಿತು. ಯಾರ ಜೇಬೂ ನಡುಗಲಿಲ್ಲ. ಸಂಜೆ ಎಲ್ಲ ಮನೆಗಳಲ್ಲೂ ಕೊಡ ಒಣಗಿತ್ತು.

ಅವಳನ್ನು ಪ್ರಭಾವಿ ಎಂದು ಆರಿಸಿದ ಗಲ್ಲಿಗೆ ಅವಳ ಮೇಲೆ ಪ್ರೀತಿ ಇರಲಿಲ್ಲವೆಂದು ನಾನು ಹೇಳಲಾರೆ. ಪ್ರೀತಿ ಇತ್ತು, ಅದನ್ನೆಲ್ಲ ಚಾನೆಲ್ಲಿನ ನಂಬರಿಗೆ ಕಳಿಸಿದರು. ಈ ವರ್ಷದ ಆಯ್ಕೆಯೂ ಶುರುವಾಗಿದೆ, ನಿಮ್ಮ ಬೆರಳೂ ತುರಿಸುತ್ತಿರಬೇಕು. ನಿಮ್ಮ ಫೋನಿನಲ್ಲಿ ನೀವು ತಿರುಗಿ ಕರೆ ಮಾಡದ ಒಂದು ಮಿಸ್ಡ್ ಕಾಲ್ ಇದೆ. ಮತ ಆಮೇಲೆ ಹಾಕಿ. ಮೊದಲು ಆ ನಂಬರಿಗೆ ಫೋನ್ ಮಾಡಿ. ಎತ್ತದಿದ್ದರೆ ಎದ್ದು ಅವರ ಮನೆಗೆ ಹೋಗಿ.