ಜೆಂತಿಲರ ಕಲ್ಲುಮನೆ, ಬಿಷೆಂತಾಳ ಗಂಟಲು

ಅರಲಾರ್ ಬೆಟ್ಟದಲ್ಲಿ ಕುರಿ ಮೇಯಿಸುವವರು ಬಿಷೆಂತಾಳನ್ನು ಮುಖಕ್ಕಿಂತ ಗಂಟಲಿನಿಂದಲೇ ಹೆಚ್ಚು ಬಲ್ಲರು. ಉಸಿರು ಮುಗಿಯುವ ತನಕ ಏರುತ್ತಲೇ ಹೋಗಿ, ಕುದುರೆಯ ಕೆನೆತದಂತೆ ಮುಗಿಯುವ ಕೂಗು ಆ ಕುರಿಗಾಹಿಗಳೆಲ್ಲರದು. ಖುಷಿಗೂ ಅದೇ, ಪಂಥಕ್ಕೂ ಅದೇ. ಕಣಿವೆಯಾಚೆಯ ಗುಡಿಸಲಿನ ಮಾಚಿನ್ ಕೂಗಿದರೆ ಇವಳು ಅದಕ್ಕಿಂತ ಉದ್ದ ಕೂಗಲೇಬೇಕು. ಇಪ್ಪತ್ತು ಬೇಸಿಗೆ ಕಳೆದರೂ ಕೊನೆಯ ಕೂಗನ್ನು ಅವನಿಗೆ ಬಿಟ್ಟುಕೊಟ್ಟವಳಲ್ಲ. ಇಂಥ ಹಟಮಾರಿ ಹೆಂಗಸು ಒಂದು ಬೆಟ್ಟಕ್ಕೆ ಒಬ್ಬಳೇ ಸಾಕು.

ಗಂಡ ಬಲೆಂದಿನ್‌ನದು ಬೇರೆ ಹುಚ್ಚು. ಬಂಡೆಗಳನ್ನು ಚೆಂಡಿನಂತೆ ಎಸೆಯುತ್ತಿದ್ದ ಹಳೆಯ ದೈತ್ಯರು, ಆ ಜೆಂತಿಲರು, ಕಲ್ಲುಮನೆಯೊಳಗೆ ಇಳಿದು ಮಾಯವಾಗುವಾಗ ಎತ್ತಿನ ಚರ್ಮದಲ್ಲಿ ಚಿನ್ನ ಸುತ್ತಿಟ್ಟು ಹೋದರೆಂದು ಅವನ ಅಜ್ಜಿ ಹೇಳಿದ್ದಳು. ಆ ಕಲ್ಲುಮನೆ ಇವರ ಹುಲ್ಲುಗಾವಲಿನಲ್ಲೇ ಇತ್ತು: ನಿಂತ ನಾಲ್ಕು ಚಪ್ಪಡಿ, ಮೇಲೊಂದು ಮುಚ್ಚುಗಲ್ಲು. ಮಂಜು ಕವಿದ ಒಂದು ಬೆಳಿಗ್ಗೆ, ಯಾರಿಗೂ ಕಾಣಿಸುವುದಿಲ್ಲವೆಂದು, ಗುದ್ದಲಿ ಹಿಡಿದು ಒಳಗೆ ತೂರಿದ. ಬುಡ ಕೆದಕಿದ್ದೇ ತಡ, ಒಂದು ಚಪ್ಪಡಿ ವಾಲಿತು. ಮುಚ್ಚುಗಲ್ಲಿನ ಒಂದು ಮಗ್ಗುಲು ಕುಸಿದು ಅವನ ಕಾಲನ್ನು ಅದುಮಿಕೊಂಡಿತು.

ಚೀರಾಟ ಕೇಳಿ ಓಡಿಬಂದ ಬಿಷೆಂತಾ ಬೇಲಿಯ ಗಳವೊಂದನ್ನು ಕಿತ್ತು ಕಲ್ಲಿನಡಿ ತೂರಿಸಿ, ಹೆಗಲು ಕೊಟ್ಟು ನಿಂತಳು. ಕುಸಿತ ನಿಂತಿತು, ಆದರೆ ಕಲ್ಲು ಮೇಲೇಳಲಿಲ್ಲ. ಹೆಗಲು ತೆಗೆದರೆ ಅದು ಅವನ ಎದೆಯ ಮೇಲೆ ಕೂರುತ್ತಿತ್ತು.

"ಬಿಡಬೇಡ ಕಣೇ..."

"ಬಾಯಿ ಮುಚ್ಕೊಂಡು ಬಿದ್ದಿರು! ಚಿನ್ನ ಬೇಕಿತ್ತಂತೆ, ಚಿನ್ನ!"

ಬೈದಳೇ ಹೊರತು ಅವಳ ಜೀವ ಬಾಯಿಗೆ ಬಂದಿತ್ತು. ಹತ್ತಿರದಲ್ಲಿದ್ದವನು ಮಾಚಿನ್ ಒಬ್ಬನೇ. ಮಾತು ಕಣಿವೆ ದಾಟುವುದಿಲ್ಲ, ದಾಟುವುದು ಆ ಕೂಗೊಂದೇ. ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದಳು.

ಆಚೆಯಿಂದ ಉತ್ತರ ಬಂತು. ಇವಳದಕ್ಕಿಂತ ಉದ್ದ, ಕೊನೆಗೆ ನಗು ಬೇರೆ.

"ಪಂಥ ಅಂದ್ಕೊಂಡ, ಹಾಳಾದೋನು!"

ಮತ್ತೆ ಕೂಗಿದಳು. ಅವನು ಇನ್ನೂ ಜೋರಾಗಿ ಕೂಗಿದ. ಮೂರನೆಯ ಸಲಕ್ಕೆ ಗಳ ಚಟ್ಟೆಂದು ಸೀಳು ಬಿಟ್ಟಿತು. ಬಲೆಂದಿನ್ ಮಾತು ನಿಲ್ಲಿಸಿದ್ದ. ತಾನು ಕೂಗುವಷ್ಟು ಹೊತ್ತೂ ಮಾಚಿನ್ ಅಲ್ಲೇ ನಿಂತು ಕೂಗುತ್ತಾನೆ, ಬರುವುದಿಲ್ಲ ಎಂಬುದು ಆಗ ಅವಳಿಗೆ ಹೊಳೆಯಿತು. ತುಟಿ ಕಚ್ಚಿ ಸುಮ್ಮನಾದಳು.

ಮಾಚಿನ್ ಕೂಗಿದ. ಇವಳು ಉತ್ತರಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗಿದ, ಈ ಸಲ ಗಿಡ್ಡಗೆ, ಏನನ್ನೋ ಕೇಳುವವನಂತೆ. ಗಂಟಲವರೆಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಆಮೇಲೆ ಆ ಕಡೆಯೂ ಸದ್ದಿಲ್ಲ. ಬರುತ್ತಿದ್ದಾನೋ, ಗೆದ್ದೆನೆಂದು ಹಾಲು ಕರೆಯಲು ಕೂತನೋ? ಹೆಗಲು ಮರಗಟ್ಟಿತು. ಅಷ್ಟು ಭಯವನ್ನು ಅವಳು ಜನ್ಮದಲ್ಲಿ ಪಟ್ಟಿರಲಿಲ್ಲ.

ಕೊನೆಗೆ ಮಂಜಿನೊಳಗಿಂದ ಮಾಚಿನ್ ಏದುಸಿರು ಬಿಡುತ್ತ ಬಂದ. ಮಂಡಿ ತರಚಿತ್ತು, ಟೋಪಿ ಎಲ್ಲೋ ಬಿದ್ದುಹೋಗಿತ್ತು.

"ಬದುಕಿದ್ದೀಯೇನೇ? ಉತ್ತರ ಕೊಡ್ಲಿಲ್ವಲ್ಲ, ಸತ್ತೇ ಹೋದೆ ಅಂದ್ಕೊಂಡೆ ಕಣೇ!"

"ಆಮೇಲೆ ಅಳುವಂತೆ. ಮೊದಲು ಇನ್ನೊಂದು ಗಳ ತಾ."

ಇಬ್ಬರೂ ಸೇರಿ ಮೀಟಿದಾಗ ಕಲ್ಲು ಒಂದು ಗೇಣು ಎದ್ದಿತು. ಗಳಕ್ಕೆ ಕಲ್ಲು ಒತ್ತುಕೊಟ್ಟು ಮಾಚಿನ್ ಬಲೆಂದಿನ್‌ನನ್ನು ಹೊರಗೆಳೆದ. ಪಾದ ಜಜ್ಜಿಹೋಗಿತ್ತು, ಉಸಿರಿತ್ತು. ಬಿಷೆಂತಾ ಗಂಡನ ಕೆನ್ನೆಗೊಂದು ಬಿಟ್ಟು, ಅವನನ್ನೇ ತಬ್ಬಿಕೊಂಡು ಅತ್ತಳು.

ಈಗ ಬಲೆಂದಿನ್ ಕುಂಟುತ್ತಲೇ ಚೀಸ್ ಮಾಡುತ್ತಾನೆ. ಮಾಚಿನ್ ಮಾತ್ರ ದಿನಾ ಸಂಜೆ ಗಿಡ್ಡಗೆ ಕೂಗಿ ನಿಲ್ಲಿಸಿ, ಕಾಯುತ್ತಾನೆ. ಬೇಕೆಂದೇ ಸೋಲುತ್ತಾನೆಂದು ಬಿಷೆಂತಾಳಿಗೆ ಗೊತ್ತು. ಆದರೂ ಜ್ವರವಿದ್ದರೂ ಎದ್ದು ಬಂದು ಉತ್ತರ ಕೊಡುತ್ತಾಳೆ. ಇಲ್ಲದಿದ್ದರೆ ಈ ವಯಸ್ಸಿನಲ್ಲೂ ಅವನು ಕಣಿವೆ ಇಳಿದು ಓಡಿ ಬಂದುಬಿಡುತ್ತಾನೆ.