ಕುಳ್ಳಯ್ಯ ಕೇಳಿದ ಲೋಟ

ನಮ್ಮ ಕಡೆ ಕೇರಿಯಿಂದ ಬರುವ ಆಳಿಗೆ ಕಾಫಿ ಕೊಡುವುದು ಕರಟದಲ್ಲಿ. ಗೊತ್ತಿಲ್ಲ ಅಂತ ನೀವು ಹೇಳಿದರೆ ನಾನು ನಂಬುವುದಿಲ್ಲ. ತೆಂಗಿನಕಾಯಿಯ ಅರ್ಧ ಚಿಪ್ಪು ಹಿತ್ತಿಲ ಸೂರಿನ ಸಂದಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಬಂದವರೇ ಅದನ್ನು ತೆಗೆದು ಒಡ್ಡಬೇಕು, ಮೇಲಿನಿಂದ ಹೊಯ್ದದ್ದನ್ನು ಕುಡಿಯಬೇಕು, ತೊಳೆದು ಮತ್ತೆ ಅಲ್ಲೇ ಸಿಕ್ಕಿಸಬೇಕು. 2006ನೇ ಇಸವಿ ಬಂದರೂ ಇದು ನಿಂತಿಲ್ಲ.

ಕುಳ್ಳಯ್ಯನವರಿಗೆ ಈಗ ಅರವತ್ತರ ಹತ್ತಿರ. ಹೆತ್ತೂರು ಕಡೆಯ ಒಂದು ಎಸ್ಟೇಟಿನ ಕೂಲಿ ಲೈನಿನಲ್ಲೇ ಹುಟ್ಟಿ ಬೆಳೆದವರು. ಮರಗಸಿಯಲ್ಲಿ ಅವರನ್ನು ಮೀರಿಸುವವರಿಲ್ಲ. ನೆರಳಿನ ಮರದ ತುದಿಗೆ ಹತ್ತಿ ಅವರು ಸವರಿದ ಕೊಂಬೆ ಕೆಳಗಿನ ಕಾಫಿ ಗಿಡದ ಒಂದು ರೆಂಬೆಯನ್ನೂ ಮುರಿಯುವುದಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ, ಈಗಿನ ಸಾವ್ಕಾರ ರಾಜಶೇಖರನ ತಾಯಿ ಮೈಲಿಗೆಯಾಗಬಾರದೆಂದು ಮೊಳದೆತ್ತರದಿಂದ ಹೊಯ್ದ ಕಾಫಿ ಅವರ ಮುಂಗೈ ಸುಟ್ಟಿತು. "ಅವತ್ತೇ ಬುಟ್ಟೆ ಕಣ್ರೀ," ಅನ್ನುತ್ತಾರೆ. ಕಾಫಿ ತೋಟದಲ್ಲೇ ಬದುಕಿ ನಲವತ್ತು ವರ್ಷ ಯಾರ ಮನೆಯಲ್ಲೂ ಕಾಫಿ ಕುಡಿದಿಲ್ಲ. "ಕುಳ್ಳಂಗೆ ಪಿತ್ತ ಆಯ್ತದಂತೆ" ಅಂತ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಆಡಿಕೊಂಡರು. ಆಡಿಕೊಳ್ಳಲಿ ಅಂತ ಇವರೂ ಬಿಟ್ಟರು.

ಮಗಳು ಗಂಗಾಮಣಿ ಎಸ್ಸೆಸ್ಸೆಲ್ಸಿ ಪಾಸು. ಅವಳಾದರೂ ಯಾರ ಸೂರಿನ ಕೆಳಗೂ ಕೈಯೊಡ್ಡಬಾರದು, ಅವರ ಆಸೆ ಅಷ್ಟೆ. ರಾಜಶೇಖರ ಎಸ್ಟೇಟಿನ ಹಳೇ ಸ್ಟೋರನ್ನು ಕೂತು ಕುಡಿಯುವ ಲೌಂಜ್ ಮಾಡಿ, ಮೇಜಿಗೆ ತಂದುಕೊಡುವ ಕೆಲಸಕ್ಕೆ ಅವಳನ್ನು ಸೇರಿಸಿಕೊಂಡಾಗ ಹಿಗ್ಗಿದರು.

ಶುರುವಿನ ಸಂಜೆ ನನ್ನನ್ನೂ ಕರೆದಿದ್ದರು, ಪತ್ರಿಕೆಯಲ್ಲಿ ನಾಲ್ಕು ಒಳ್ಳೆ ಮಾತು ಬರೆಯಲಿ ಅಂತ. ಮೇಜಿಗೊಂದೇ ಮೇಣದಬತ್ತಿ, ಪಕ್ಕದವನ ಮುಖ ಕಾಣದು. ಕಾಫಿ ಡಿಕಾಕ್ಷನ್ನಿಗೆ ರಮ್ಮು, ಬೆಲ್ಲ, ಸೂಜಿಮೆಣಸು ಬೆರೆಸಿ ಕುಲುಕಿದ ಕಾಕ್‌ಟೇಲ್ ಬಂತು. ಯಾವುದರಲ್ಲಿ? ಕರಟದಲ್ಲಿ! ಪಾಲಿಶ್ ಹೊಡೆದ, ಮಿರಿಮಿರಿ ಮಿಂಚುವ ಕರಟ. ಬೆಂಗಳೂರಿನ ನೆಂಟರು ತಿರುಗಿಸಿ ತಿರುಗಿಸಿ ನೋಡಿ ಮೆಚ್ಚಿದರು. ನಾನೂ ಕುಡಿದೆ. ಥೂ.

ಏಳು ಗಂಟೆಗೆ ಮಗಳನ್ನು ಕರೆದೊಯ್ಯಲು ಕುಳ್ಳಯ್ಯನವರು ಬಂದು ಬಾಗಿಲಲ್ಲಿ ನಿಂತರು.

"ಬಾರೋ ಕುಳ್ಳಯ್ಯ, ಒಳಗೇ ಬಾ!" ರಾಜಶೇಖರ ಕೂಗಿದ. ನೆಂಟರ ಕಡೆ ತಿರುಗಿ, "ಒರಿಜಿನಲ್ ನೋಡಿ ಇವನು. ತಾತ ಮುತ್ತಾತನ ಕಾಲದಿಂದ ಇವರು ಕರಟದಲ್ಲೇ ಕುಡಿಯೋದು. ಗಂಗಾಮಣಿ, ನಿಮ್ಮಪ್ಪಂಗೂ ಒಂದು ತಾ."

ಯಾರೋ ಕ್ಯಾಮೆರಾ ಎತ್ತಿದರು. ಗಂಗಾಮಣಿ ಕರಟ ಹಿಡಿದು ಅಪ್ಪನ ಮುಂದೆ ನಿಂತಳು. ತಾನು ಹಂಚುವುದು ಇದರಲ್ಲಿ ಅಂತ ಮನೆಯಲ್ಲಿ ಹೇಳಿರಲಿಲ್ಲ.

"ಬ್ಯಾಡ ಸಾವ್ಕಾರ್ರೇ."

"ರಮ್ಮು ಕಣೋ ಮಾರಾಯ, ವಿಷ ಅಲ್ಲ."

"ರಮ್ಮು ಬ್ಯಾಡ ಅನ್ನಲಿಲ್ಲ. ಗಾಜಿನ ಲೋಟ ಐತಲ್ಲ ಅಲ್ಲಿ, ಅದ್ರಲ್ಲಿ ಕೊಡ್ಸಿ."

ನಗೆಯೋ ನಗೆ. "ನಮಗೆಲ್ಲ ಕರಟ, ಇವನಿಗೆ ಗಾಜು ಬೇಕಂತೆ!" ಅಂದ ನೆಂಟರಲ್ಲೊಬ್ಬ.

"ನೀವು ಆಟಕ್ಕೆ ಕುಡೀತಿದ್ದೀರ," ಅಂದರು ಕುಳ್ಳಯ್ಯ. "ಬೆಳಿಗ್ಗೆ ಎದ್ರೆ ನಿಮಗೆ ಲೋಟ. ನಂಗೆ ಸೂರಲ್ಲಿ ಐತೆ, ಇದೇ."

ನಗೆ ನಿಂತಿತು. ರಾಜಶೇಖರ ತಗ್ಗಿದ ದನಿಯಲ್ಲಿ, "ಮಗಳ ಕೆಲಸ ನೆಪ್ಪಿರ್ಲಿ, ಕುಳ್ಳ," ಅಂದ.

ಗಂಗಾಮಣಿಯೇ ಕರಟವನ್ನು ಸಾವ್ಕಾರನ ಮುಂದೆ ಕುಕ್ಕಿದಳು. ಕೌಂಟರಿಗೆ ಹೋಗಿ ಗಾಜಿನ ಲೋಟದಲ್ಲಿ ನೀರು ತುಂಬಿ ತಂದು ಅಪ್ಪನ ಕೈಗೇ ಕೊಟ್ಟಳು. ಕುಳ್ಳಯ್ಯನವರು ಲೋಟ ಕಚ್ಚಿ, ನಿಧಾನವಾಗಿ, ಪೂರ್ತಿ ಕುಡಿದು ಮೇಜಿನ ಮೇಲಿಟ್ಟರು. ತೊಳೆಯಲಿಲ್ಲ.

"ನಡಿ ಮಗ."

ಮಾರನೆಯ ದಿನ ಅವಳ ಕೆಲಸ ಹೋಯಿತು, ಅವರನ್ನು ಮರಗಸಿಗೆ ಕರೆಯುವುದೂ ನಿಂತಿತು. ಆ ಸಂಜೆ ಅಲ್ಲಿದ್ದ ಮೂವತ್ತು ಜನರಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಆ ಮಬ್ಬುಬೆಳಕು ನಮ್ಮಂಥವರಿಗೆ ಎಷ್ಟು ಅನುಕೂಲ!

ಆ ರಾತ್ರಿಯೇ ಮನೆಗೆ ಬಂದು ಹಿತ್ತಿಲಲ್ಲಿ ಟಾರ್ಚ್ ಬಿಟ್ಟೆ. ನಮ್ಮ ಸೂರಿನಲ್ಲೂ ಎರಡು ಕರಟ ಇದ್ದವು. ಕಿತ್ತು ಒಲೆಗೆ ಹಾಕಿದೆ.

ಈಗ ನಿಮ್ಮ ಸರದಿ. ಪತ್ರಿಕೆ ಕೆಳಗಿಟ್ಟು ಹಿತ್ತಿಲಿಗೆ ಹೋಗಿ, ಸೂರಿನಲ್ಲಿ ಸಿಕ್ಕಿಸಿದ್ದನ್ನು ಕಿತ್ತು ಸುಡಿ. ನಾಳೆ ಆಳು ಬಂದಾಗ ನೀವು ಕುಡಿಯುವ ಲೋಟದಲ್ಲೇ ಕಾಫಿ ಹಾಕಿ ಕೈಗೆ ಕೊಡಿ. ಕುಡಿದಾದ ಮೇಲೆ ಆ ಲೋಟವನ್ನು ನೀವೇ ತೊಳೆಯಿರಿ.