ಹೊಸ್ತಿಲಾಚೆಯ ಕೆಮ್ಮು

ದೊಡ್ಡವ್ವನ ಬಲಗೈ ತೋರುಬೆರಳಿನ ಮೇಲೆ ನೂಲು ಕೊರೆದ ಗೆರೆಯೊಂದಿತ್ತು. ಮಗ್ಗದ ಲಾಳಿಯೊಳಗೆ ಕೂರುವ ಕಂಡಿಗಳಿಗೆ ದಿನವಿಡೀ ನೂಲು ಸುತ್ತಿ ಸುತ್ತಿ ಬಿದ್ದ ಗೆರೆ. ನನ್ನ ಉಗುರು ಅದರೊಳಗೆ ಸಲೀಸಾಗಿ ಕೂರುತ್ತಿತ್ತು. ಅಂಥ ಗಟ್ಟಿ ಕೈ ಒಂದೇ ಒಂದು ಸದ್ದಿಗೆ ನಡುಗುತ್ತಿತ್ತು. ದೊಡ್ಡಪ್ಪ ಹೊರಗಿನಿಂದ ಬಂದು ಹೊಸ್ತಿಲಲ್ಲಿ ನಿಂತು ಕೆಮ್ಮುವ ಸದ್ದಿಗೆ.

ಗಂಡಸರು ಒಳಗೆ ಬರುವ ಮುನ್ನ ಒಮ್ಮೆ ಕೆಮ್ಮುವುದು ನಮ್ಮ ಕಡೆಯ ರಿವಾಜು. ಹೆಂಗಸರು ಸೆರಗು ಸರಿಮಾಡಿಕೊಳ್ಳಲಿ ಅಂತ. ಅದರಲ್ಲಿ ತಪ್ಪೇನಿಲ್ಲ. ಆದರೆ ದೊಡ್ಡಪ್ಪನ ಕೆಮ್ಮಿಗೆ ಇಡೀ ಮನೆ ಎದ್ದು ನಿಲ್ಲುತ್ತಿತ್ತು. ಅವರು ಹೊಡೆದದ್ದನ್ನು ನಾನು ನೋಡಿಲ್ಲ. ಹೊಡೆಯುವ ಅಗತ್ಯವೇ ಅವರಿಗೆ ಬೀಳಲಿಲ್ಲ ಅನ್ನಿ. ಒಂದು ದಿನ ಚುರುಮುರಿ ಪೊಟ್ಟಣ ಹಿಡಿದು ನಗುತ್ತ ಬರುವರು, ಮರುದಿನ ಊಟದ ತಾಟು ಅಂಗಳಕ್ಕೆ ಹಾರುವುದು. ಯಾವ ದಿನ ಯಾವುದು ಅಂತ ಆ ಕೆಮ್ಮಿನಲ್ಲೇ ಓದಬೇಕು.

ಅವ್ವ ತೀರಿಕೊಂಡ ಮೇಲೆ ಆರು ವರ್ಷದ ನನ್ನನ್ನು ಅಕಿವಾಟದಿಂದ ಇಚಲಕರಂಜಿಗೆ ಕರೆತಂದು ಸಾಕಿದವಳು ಈ ದೊಡ್ಡವ್ವ, ಅವ್ವನ ಅಕ್ಕ. ಎಪ್ಪತ್ತರ ದಶಕದ ಇಚಲಕರಂಜಿ ಅಂದರೆ ಕೇಳಬೇಕೆ, ಓಣಿಗೆ ಓಣಿಯೇ ಖಟಖಟ. ಪಡಸಾಲೆಯಲ್ಲಿ ನಾಲ್ಕು ಮಗ್ಗ. ಆ ಸದ್ದಿನಲ್ಲಿ ಪಕ್ಕದಲ್ಲಿ ಕೂತವರ ಮಾತೂ ಕೇಳದು. ದೊಡ್ಡವ್ವನಿಗೆ ಮಾತ್ರ ಆ ಕೆಮ್ಮು ಕೇಳುತ್ತಿತ್ತು! ವರ್ಷ ಕಳೆದಂತೆ ನನಗೂ ಕೇಳತೊಡಗಿತು. ಇಬ್ಬರೂ ಒಟ್ಟಿಗೇ ಎದ್ದು ನಿಲ್ಲುತ್ತಿದ್ದೆವು.

ನನಗೆ ಹತ್ತೊಂಬತ್ತು ತುಂಬಿದಾಗ ಕೊಲ್ಲಾಪುರದಿಂದ ವರನ ಕಡೆಯವರು ನೋಡಲು ಬಂದರು. ಮಗ್ಗಗಳಿಗೆ ವಾರದ ರಜೆಯ ದಿನ. ಓಣಿ ಗಪ್ಪಾಗಿತ್ತು. ನಾನು ಅಡುಗೆಮನೆಯಲ್ಲಿ ಚಹಾದ ತಾಟು ಹಿಡಿದು ನಿಂತಿದ್ದೆ. ಹೊಸ್ತಿಲಲ್ಲಿ ಹುಡುಗ ಕೆಮ್ಮಿದ. ಆಮೇಲೆ ಅವನ ತಾಯಿ "ಮುಲೀಲಾ ಬೋಲವಾ" ಅಂತ ಮರಾಠಿಯಲ್ಲಿ ನನ್ನನ್ನು ಕರೆಸಿದ್ದು, ನಾನು ಹೋಗಿ ಕೂತದ್ದು, ಯಾವುದೂ ನನಗೆ ನೆಟ್ಟಗೆ ನೆನಪಿಲ್ಲ. ಎದೆ ಹೊಡೆದುಕೊಂಡದ್ದು ಮಾತ್ರ ನೆನಪಿದೆ.

ಅವರು ಹೋದ ಮೇಲೆ ದೊಡ್ಡಪ್ಪ, "ಮನಿತನ ಛಲೋ ಐತಿ. ಮುಗೀತು," ಅಂದರು.

ನಾನು ಒಳಗೆ ಓಡಿಬಂದು, "ದೊಡ್ಡವ್ವ, ನನಗ ಹುಡುಗ ಪಸಂತ ಆಗ್ಯಾನ. ಅವ ಕೆಮ್ಮಿದ ಕೂಡ್ಲೆ ಎದಿ ಢವಢವ ಅಂತು," ಅಂದೆ.

ಅವಳು ನನ್ನ ಮುಂಗೈ ಹಿಡಿದಳು. "ಕೈ ಎಷ್ಟು ತಣ್ಣಗಾಗ್ಯಾವ ನೋಡು. ಇದು ಪ್ರೀತಿ ಅಲ್ಲ ಪೋರಿ, ಹೆದರಿಕಿ. ನನಗ ಗೊತ್ತೈತಿ."

ಆಗ ಹೇಳಿದಳು, ಅದುವರೆಗೆ ಯಾರಿಗೂ ಹೇಳದ್ದನ್ನು. "ಗಡಹಿಂಗ್ಲಜದಾಗ ನಮ್ಮಪ್ಪ ಹೊಸ್ತಿಲಕ್ಕ ಬಂದು ಕೆಮ್ಮಿದರ ನಾವು ಹುಡುಗ್ರೆಲ್ಲಾ ಉಸಿರು ಹಿಡಕೊಂಡು ನಿಂದರ್ತಿದ್ವಿ. ಮುಂದ ನನಗ ಎರಡು ವರ ಬಂದ್ವು. ಮೊದಲನೇದವ ಕೆಮ್ಮಲಿಲ್ಲ ಏನಿಲ್ಲ, ಸೀದಾ ಅಡಗಿಮನಿ ಬಾಗಿಲಕ್ಕ ಬಂದು, 'ಅವ್ವಾರ, ಒಂದೀಟು ನೀರು ಕೊಡ್ರಿ' ಅಂದ. ನಾವೆಲ್ಲಾ ಬಿದ್ದು ಬಿದ್ದು ನಕ್ಕಿವಿ. ಎರಡನೇದವ ಕೆಮ್ಮಿದ. ಥೇಟ್ ನಮ್ಮಪ್ಪನ ಕೆಮ್ಮ. ಎದಿ ಢವಢವ ಅಂತು, ನಾ ಅದನ್ನ ಪ್ರೀತಿ ಅನಕೊಂಡ್ನಿ. ಅಪ್ಪ ಅವತ್ತ ಖುಷಿಯಾಗಿದ್ದ, ಯಾರು ಬೇಕು ಹೇಳು ಅಂದ. ನಾನ ಆರಿಸಿದ್ನಿ. ಯಾರೂ ನನ್ನ ದಬ್ಬಲಿಲ್ಲ."

ಎದ್ದು ಪಡಸಾಲೆಗೆ ಹೋದಳು. "ನನ್ನ ಹುಡುಗಿನ್ನ ಆ ಮನಿಗೆ ಕೊಡಾಂಗಿಲ್ರಿ."

ದೊಡ್ಡಪ್ಪ ಕೆಮ್ಮಿದರು. ದೊಡ್ಡವ್ವ ಸೆರಗು ಸರಿಮಾಡಿಕೊಂಡಳು. ಆಡಿದ ಮಾತನ್ನು ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ.

ಸಂಬಂಧ ಮುರಿಯಿತು. ದೊಡ್ಡಪ್ಪ ಅವಳೊಡನೆ ಮಾತು ಬಿಟ್ಟರು. ಅವಳು ಸಾಯುವ ತನಕ ಆಡಲಿಲ್ಲ. ಒಂದು ಕೆಮ್ಮಿಗೆ ಚಹಾ, ಎರಡಕ್ಕೆ ನೀರು, ಅಷ್ಟೇ ಸಂಸಾರ. ನಾನೇನು ಕಡಿಮೆಯವಳೇ? ನನ್ನ ಬಾಳು ಹಾಳು ಮಾಡಿದಳು ಅಂತ ನಾನೂ ಒಂದು ತಿಂಗಳು ಮಾತು ಬಿಟ್ಟೆ. ಆ ಮನೆಯಲ್ಲಿ ಸಿಟ್ಟಾಗುವ ರೀತಿ ನಾನು ಕಲಿತಿದ್ದು ಅದೊಂದೇ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಎರಡು ವರ್ಷಕ್ಕೆ ಗಡಹಿಂಗ್ಲಜದವರೊಬ್ಬರನ್ನು ಮದುವೆಯಾದೆ. ಅವರು ಕೆಮ್ಮುವುದಿಲ್ಲ, "ಏನ್ ಅಡಗಿ ಮಾಡೀರಿ?" ಅನ್ನುತ್ತ ಬಾಗಿಲಿಂದಲೇ ಮಾತು ಶುರು. ಮೊದಲ ಸಲ ತವರಿಗೆ ಬಂದವಳು ದೊಡ್ಡವ್ವನ ಮುಂದೆ ಅತ್ತುಬಿಟ್ಟೆ. "ಎದಿ ಸುಮ್ಮನ ಐತಿ ದೊಡ್ಡವ್ವ. ಏನೂ ಅನಸೂದಿಲ್ಲ."

"ಸುಮ್ಮನ ಇರ್ಲಿ ಬಿಡು," ಅಂದಳು ಕಂಡಿ ಸುತ್ತುತ್ತಲೇ. "ಸುಮ್ಮನ ಇರೂದೂ ರೂಢಿ ಆಗಬೇಕಾಗತೈತಿ. ನನಗ ಆಗಲಿಲ್ಲ, ನಿನಗರ ಆಗಲಿ."

ರೂಢಿಯಾಗಲು ನನಗೆ ಆರೇಳು ವರ್ಷ ಹಿಡಿಯಿತು. ಆಯಿತು ಅಂತಲೇ ತಿಳಿದಿದ್ದೆ.

ತೊಂಬತ್ತರ ದಶಕದ ನಡುವೆ ದೊಡ್ಡವ್ವ ಹೋದಳು. ಐದು ವರ್ಷದ ಮಗಳನ್ನು ಮೊದಲ ಸಲ ಆ ಮನೆಗೆ ಕರೆದುಕೊಂಡು ಹೋದೆ. ಮಗ್ಗ ನಿಲ್ಲಿಸಿದ್ದರು. ನಮ್ಮ ಪದ್ಧತಿಯಂತೆ ಅವಳನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ತಲೆಯ ಮೇಲೆ ಸೆರಗು ಹೊದಿಸಿದ್ದರು. ನಾನು ಅವಳ ಪಕ್ಕದಲ್ಲಿ ಕೂತು ಬೆರಳಿನ ಗೆರೆ ಸವರುತ್ತಿದ್ದೆ.

ಹೊಸ್ತಿಲಲ್ಲಿ ದೊಡ್ಡಪ್ಪ ಕೆಮ್ಮಿದರು.

ಗೆರೆಯ ಬೆರಳು ಅಲುಗಲಿಲ್ಲ. ದೊಡ್ಡವ್ವ ಮೊದಲ ಸಲ ಏಳದೆ ಕೂತಿದ್ದಳು. ಎದ್ದು ನಿಂತವಳು ನಾನು, ಕೈ ಆಗಲೇ ಸೆರಗಿಗೆ ಹೋಗಿತ್ತು, ಎದೆ ಢವಢವ. ಪಕ್ಕಕ್ಕೆ ನೋಡುತ್ತೇನೆ, ನನ್ನ ಮಗಳೂ ಎದ್ದು ಫ್ರಾಕು ಸರಿಮಾಡಿಕೊಂಡು ಉಸಿರು ಹಿಡಿದು ನಿಂತಿದ್ದಾಳೆ. ಅವಳು ಆ ಕೆಮ್ಮನ್ನು ಜನ್ಮದಲ್ಲಿ ಕೇಳಿದ್ದು ಅದೇ ಮೊದಲು.

ಅವಳ ಭುಜ ಹಿಡಿದು, "ಕುಂದರವ್ವ," ಅಂದೆ. ನಾನೂ ಕೂತೆ.

ದೊಡ್ಡಪ್ಪ ಮತ್ತೊಮ್ಮೆ ಕೆಮ್ಮಿದರು. ನಾವು ಮೂವರೂ ಕೂತೇ ಇದ್ದೆವು.